ಚಿಪ್ಪುಗಳಿಲ್ಲದ ಪಠ್ಯಕ್ರಮ

ಹಾಸು ಎಂದರೆ ಸಾಲುತ್ತದೆಯೇ? ಸಾಲಬಹುದು. ಮಣ್ಣು ಒಂದರ ಮೇಲೊಂದು ಬಿದ್ದು, ಅಮರಿ, ಕಲ್ಲಾಗಿ ಕೂತಿರುವುದಕ್ಕೆ ಹಾಸು ಎನ್ನುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಊಟ ಮುಗಿಸಿ ಬಂದು ಬೆಂಚಿನ ಮೇಲೆ ಕೂತ ಹುಡುಗರಿಗೆ ಹಾಸು ಎಂದೊಡನೆ ಹಾಸಿಗೆ ನೆನಪಾಗುತ್ತದೆ, ಅದರ ಬೆನ್ನಿಗೇ ಆಕಳಿಕೆ. ಹಾಗಾದರೆ ಮಡಿಕೆ? ಆಗದು. ಕಲ್ಲು ಬಾಗಿ ಮಡಚಿಕೊಂಡರೆ ಮಾತ್ರ ಮಡಿಕೆ, ಅದು ಬೇರೆಯೇ ಸಂಗತಿ. ಅಡುಕು? ಅಡುಕು ಎಂದರೆ ಪಾತ್ರೆಗಳು ಕಣ್ಣಿಗೆ ಬರುತ್ತವೆ.

ಸರಿಯಾದ ಮಾತು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಪದರ. ಭೂವಿಜ್ಞಾನ ಓದಿದವರೆಲ್ಲ ದಿನಕ್ಕೆ ನೂರು ಸಲ ಆಡುವ ಮಾತು. ಅವನ ತಲೆಯೊಳಗೆ ಅದು ನೀರು ಕುಡಿದಷ್ಟು ಸಲೀಸಾಗಿ ಓಡಾಡಿಕೊಂಡಿತ್ತು. ತುಟಿಗೆ ಬಂದಾಗ ಮಾತ್ರ ಸಿಕ್ಕಿಬೀಳುತ್ತಿತ್ತು. ಪ ಎಂದು ಶುರುವಾಗುವ ಯಾವ ಮಾತಿಗೂ ಅವನ ತುಟಿಗಳು ಒಂದನ್ನೊಂದು ಕಚ್ಚಿಕೊಂಡು ಕೂತುಬಿಡುತ್ತಿದ್ದವು. ಬುದ್ಧಿ ಬಂದಾಗಿನಿಂದ ಹಾಗೇ. ಉಳಿದ ಮಾತುಗಳೆಲ್ಲ ಹೇಗೋ ದಾಟುತ್ತಿದ್ದವು. ಆದ್ದರಿಂದ ಅವನು ದಾಟುವ ಮಾತುಗಳನ್ನೇ ಆರಿಸಿ, ಪೋಣಿಸಿ, ಕಡಿಮೆ ಮಾತಿನ ಮನುಷ್ಯ ಎನ್ನಿಸಿಕೊಂಡು ಬದುಕಿದ್ದ. ಕಾಲೇಜಿನಲ್ಲಿ ಅವನಿಗೆ ಮೌನಿ ಎಂದೇ ಹೆಸರು ಬಿದ್ದಿತ್ತು. ಗುಟ್ಟು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರುವಾಗಲೂ ಮೇಜಿನ ಮೇಲಿಟ್ಟ ಕಲ್ಲುಗಳನ್ನು ಕೈಯಲ್ಲಿ ತಿರುಗಿಸಿ ಗುರುತು ಹಿಡಿದು ತೋರಿಸಿದ್ದ, ಅಷ್ಟಕ್ಕೇ ಎಲ್ಲರೂ ತಲೆದೂಗಿದ್ದರು. ಅಂದಿನಿಂದ ಪ್ರಯೋಗಾಲಯದ ಕಪಾಟುಗಳ ನಡುವೆ ಕಲ್ಲುಗಳಿಗೆ ಚೀಟಿ ಅಂಟಿಸಿಕೊಂಡು ಇದ್ದ.

ಈಗ ಆ ನೆಮ್ಮದಿಗೆ ಕಲ್ಲು ಬಿದ್ದಿತ್ತು. ಬೇರೆ ವಿಷಯ ಓದುವ ಮೊದಲ ವರ್ಷದ ಹುಡುಗ ಹುಡುಗಿಯರಿಗಾಗಿ ಭೂವಿಜ್ಞಾನದ ಒಂದು ಸಣ್ಣ ಕೋರ್ಸು ಶುರುವಾಗಲಿತ್ತು. ಅದಕ್ಕೆ ಪಠ್ಯಕ್ರಮ ತಯಾರಿಸಿ ಎಂದು ವಿಭಾಗದ ಮುಖ್ಯಸ್ಥೆ ಅವನಿಗೆ ಹೇಳಿದ್ದರು. ಆ ವಿಭಾಗದಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಪಠ್ಯಕ್ರಮ ಬರೆದವರೇ ಅದನ್ನು ಸಭೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಓದಿದವರೇ ಕಲಿಸಬೇಕು. ಓದಲಾರೆ ಎಂದವರ ಕೋರ್ಸು ಇನ್ನೊಬ್ಬರ ಪಾಲು. ಅವನು ಹಿಂದೆಗೆದರೆ ಇದು ವಿಭಾಗದ ಹಿರಿಯರಾದ ದೊಡ್ಡ ಮೇಷ್ಟ್ರ ಪಾಲಾಗುತ್ತಿತ್ತು, ಅವನು ನಿವೃತ್ತಿಯವರೆಗೂ ಚೀಟಿ ಅಂಟಿಸಿಕೊಂಡು ಇರಬಹುದಿತ್ತು. ಆದರೆ ಅವನಿಗೆ ಕಲಿಸುವ ಆಸೆಯಿತ್ತು. ಇಂಥ ಆಸೆ ತನಗಿದೆಯೆಂದು ಮುಖ್ಯಸ್ಥೆ ಕೇಳುವವರೆಗೆ ಅವನಿಗೇ ಗೊತ್ತಿರಲಿಲ್ಲ.

ಹಾಗಾಗಿ ರಜೆಯ ದಿನ, ತಾನು ವಾಸವಿದ್ದ ಅಕ್ಕನ ಮನೆಯಲ್ಲಿ, ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ತನ್ನ ಬಾಯಲ್ಲಿ ಓದಲು ಬರುವಂಥ ಒಂದು ಪಠ್ಯಕ್ರಮವನ್ನು ಅವನು ಕಟ್ಟುತ್ತಿದ್ದ. ಪಠ್ಯಕ್ರಮ ಎಂಬ ತಲೆಬರಹವನ್ನೇ ಓದಲಾಗದೆಂದು ಅದನ್ನು ‘ಕಲಿಕೆಯ ದಾರಿ’ ಎಂದು ಮಾಡಿದ್ದ. ಪರ್ವತಗಳು ಬೆಟ್ಟಗಳಾದವು. ಪ್ರವಾಹ ನೆರೆಯಾಯಿತು. ಪ್ರಯೋಗಾಲಯ ಕಲ್ಲಿನ ಕೋಣೆಯಾಯಿತು, ಪರೀಕ್ಷೆ ಕೊನೆಯ ಬರವಣಿಗೆಯಾಯಿತು. ಪದರ ಹಾಸಾಗಿ ಇನ್ನೂ ಒದ್ದಾಡುತ್ತಿತ್ತು.

ಅಕ್ಕನ ಗಂಡ ಚಹಾದ ಲೋಟ ಹಿಡಿದು ಬಂದವರು ಭುಜದ ಮೇಲಿಂದ ಬಗ್ಗಿ ನೋಡಿದರು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಕ್ಕು ನಗಿಸುವುದನ್ನು ಸಂಬಳವಿಲ್ಲದ ಎರಡನೇ ಉದ್ಯೋಗ ಮಾಡಿಕೊಂಡವರು.

“ನಾಲ್ಕನೇ ವಾರ, ಹಾಸುಗಳು,” ಎಂದು ಓದಿದರು. “ಆಮೇಲೆ ಐದನೇ ವಾರ ಹೊದಿಕೆನಾ ಭಾವಮೈದ? ದಿಂಬಿಗೆ ಬೇರೆ ಮೇಷ್ಟ್ರು ಬರ್ತಾರೋ?”

“ಹೋಗಿ ಭಾವ,” ಎಂದ ಅವನು. ನಗು ಬಂದರೂ ಆ ಸಾಲಿನ ಕೆಳಗೆ ಗೆರೆ ಎಳೆದ.

ಒಂದು ಮಾತಿಗೆ ಮಾತ್ರ ಅವನು ಬದಲಿ ಹುಡುಕಲಿಲ್ಲ. ಪಳೆಯುಳಿಕೆ. ಕಲ್ಲಾದ ಜೀವ ಎಂದು ಒಮ್ಮೆ ಬರೆದು ಹೊಡೆದುಹಾಕಿದ್ದ. ಅರ್ಧ ಗಂಟೆ ಓದಿ ದಾಟಿಸುವುದು ಬೇರೆ, ಎರಡು ವಾರ ತರಗತಿಯಲ್ಲಿ ನಿಂತು ಒಂದೇ ಮಾತನ್ನು ತಪ್ಪಿಸಿಕೊಂಡು ಓಡಾಡುವುದು ಬೇರೆ. ಯಾರಾದರೂ ಎದ್ದು ಇದಕ್ಕೆ ಏನನ್ನುತ್ತಾರೆ ಸರ್ ಎಂದು ಕೇಳಿದರೆ ಮುಗಿಯಿತು. ಆದ್ದರಿಂದ ಆ ಎರಡು ವಾರಗಳನ್ನೇ ಕಿತ್ತು, ಅಲ್ಲಿಗೆ ಗಾಳಿಯನ್ನೂ ಮರಳನ್ನೂ ತಂದು ತುಂಬಿದ.

ಕಿತ್ತದ್ದು ಸಣ್ಣದಾಗಿರಲಿಲ್ಲ. ಅವನು ಕಾಲೇಜು ಸೇರುವ ದಿನ, ಯಾವ ವಿಷಯ ಬೇಕು ಎಂದು ಮೇಜಿನಾಚೆಯವರು ಕೇಳಿದಾಗ, ಪ್ರಾಣಿಶಾಸ್ತ್ರ ಎನ್ನಬೇಕೆಂದು ಮನೆಯಿಂದ ಹೊರಟವನು ಅದು ಬಾಯಿಗೆ ಬಾರದೆ ಭೂವಿಜ್ಞಾನ ಎಂದುಬಿಟ್ಟಿದ್ದ. ವರ್ಷಗಟ್ಟಲೆ ಕಲ್ಲು ಕುಟ್ಟಿದ ಮೇಲೆ ಒಂದು ದಿನ ಕಲ್ಲಿನ ಹೊಟ್ಟೆಯಲ್ಲಿ ಸಣ್ಣ ಚಿಪ್ಪೊಂದು ಸಿಕ್ಕಿತು. ಬಿಟ್ಟು ಬಂದ ಪ್ರಾಣಿಗಳೇ ತನ್ನನ್ನು ಹುಡುಕಿಕೊಂಡು ಬಂದಂತೆ ಆಗ ಅನ್ನಿಸಿತ್ತು. ಅಲ್ಲಿಂದ ಮುಂದೆ ಚಿಪ್ಪುಗಳಷ್ಟನ್ನೇ ಓದಿದ. ಈಗಲೂ ಒಂದು ಅವನ ಜೇಬಿನಲ್ಲಿರುತ್ತಿತ್ತು.

ಸಂಜೆ ಅಕ್ಕ ಒಣಗಿದ ಬಟ್ಟೆ ಮಡಚಿಟ್ಟು ಬಂದು, ಕೊಡೋ ನೋಡೋಣ ಎಂದು ಹಾಳೆ ಎತ್ತಿಕೊಂಡಳು. ಅವಳು ಹಲ್ಲಿನ ಡಾಕ್ಟರ ಹತ್ತಿರ ಸ್ವಾಗತದ ಮೇಜಿನಲ್ಲಿ ಕೂರುವವಳು. ಕಲ್ಲಿನ ವಿಷಯ ಅವಳಿಗೆ ಬೇಕಿರಲಿಲ್ಲ, ತಮ್ಮ ಬರೆದದ್ದು ಬೇಕಿತ್ತು. ಓದಿ ಮುಗಿಸಿ, “ನಿನ್ನ ಚಿಪ್ಪುಗಳೆಲ್ಲೋ?” ಎಂದಳು.

“ಮೊದಲನೇ ವರ್ಷದವರಿಗೆ ಅದು ಕಷ್ಟ ಅಕ್ಕ.”

ಅವಳು ಹಾಳೆಯನ್ನು ಮತ್ತೆ ಮೇಲಿಂದ ಓದಿದಳು, ಈ ಸಲ ಸಾಲಿನ ಕೆಳಗೆ ಬೆರಳು ಹಿಡಿದು. ಕಲಿಕೆಯ ದಾರಿ. ಕಲ್ಲಿನ ಕೋಣೆ. ಕೊನೆಯ ಬರವಣಿಗೆ. ಅಲ್ಲಿ ಬೆರಳು ತುಸು ಹೊತ್ತು ನಿಂತಿತು. ಇಡೀ ಲೋಕದಲ್ಲಿ ಆ ಹಾಳೆಯನ್ನು ಹಾಗೆ ಓದಬಲ್ಲವಳು ಅವಳೊಬ್ಬಳೇ. ಚಿಕ್ಕಂದಿನಲ್ಲಿ ಅಂಗಡಿಯ ಮುಂದೆ ಅವನು ಪ ಎಂದು ತುಟಿ ಬಿಗಿದು ನಿಂತಾಗ, “ಬಾಗಿಲು ಸಿಕ್ಹಾಕ್ಕೊಂಡಿದೆ, ಸ್ವಲ್ಪ ತಡೀರಿ,” ಎಂದು ಅಂಗಡಿಯವನಿಗೆ ಹೇಳುತ್ತಿದ್ದವಳು ಅವಳು. ಆದರೆ ತಡೆಯುವುದು ಅವಳಿಂದಲೇ ಆಗುತ್ತಿರಲಿಲ್ಲ. ಅವನ ಪರವಾಗಿ ಪೆನ್ನು ಎನ್ನುತ್ತಿದ್ದಳು. ಅವನಿಗೆ ಬೇಕಿದ್ದದ್ದು ಪೆನ್ಸಿಲ್. ಅವನು ತಲೆಯಾಡಿಸಿ ಪೆನ್ನು ತೆಗೆದುಕೊಂಡು ಮನೆಗೆ ಬರುತ್ತಿದ್ದ.

ಹಾಳೆ ಕೆಳಗಿಟ್ಟು ಅಕ್ಕ, ಅಕ್ಷರ ಚೆನ್ನಾಗಿದೆ ಎಂದಷ್ಟೇ ಹೇಳಿದಳು. ಆಮೇಲೆ ಅವನ ಅಂಗಿಗೆ ಇಸ್ತ್ರಿ ಹಾಕಲು ಹೋದಳು. ಅದಕ್ಕೆ ಆಗಲೇ ಇಸ್ತ್ರಿಯಾಗಿತ್ತು.

ಮಾರನೆಯ ದಿನ ವಿಭಾಗದಲ್ಲಿ ಅವನು ಹಾಳೆಗಳನ್ನು ಮುಖ್ಯಸ್ಥೆಯ ಕೈಗೆ ಕೊಟ್ಟಾಗ ದೊಡ್ಡ ಮೇಷ್ಟ್ರೂ ಅಲ್ಲಿದ್ದರು. ಎತ್ತರದಲ್ಲೂ ಸೇವೆಯಲ್ಲೂ ಎಲ್ಲರಿಗಿಂತ ದೊಡ್ಡವರಾದ್ದರಿಂದ ಆ ಹೆಸರು. ಮುಖ್ಯಸ್ಥೆ ಕನ್ನಡಕ ಏರಿಸಿ ಓದುತ್ತಾ ಹೋದಂತೆ ಅವರ ಹುಬ್ಬು ಮೇಲೇರಿತು. ದೊಡ್ಡ ಮೇಷ್ಟ್ರು ಒಂದು ಹಾಳೆ ಕಿತ್ತುಕೊಂಡು ಓದಿ, ಸಂತೋಷದಿಂದ ಮೇಜು ತಟ್ಟಿದರು.

“ಮೇಡಂ, ನಮ್ಮ ಮೌನಿ ಕವಿ ಅಂತ ಇಷ್ಟು ದಿನ ಗೊತ್ತೇ ಆಗ್ಲಿಲ್ವಲ್ಲ. ಕಲ್ಲಿನ ಕೋಣೆಯಂತೆ. ಕೊನೆಯ ಬರವಣಿಗೆಯಂತೆ. ಪರೀಕ್ಷೆ ಅಂದ್ರೆ ಹುಡುಗ್ರು ಹೆದರ್ತಾರೆ ಅಂತ ಎಷ್ಟು ಮೆತ್ತಗೆ ಹೇಳಿದಾರೆ ನೋಡಿ.”

ಅವನು ಅದನ್ನು ಅಲ್ಲಗಳೆಯಲಿಲ್ಲ. ಕವಿ ಎನ್ನಿಸಿಕೊಳ್ಳುವುದು ಅಷ್ಟೇನೂ ಕೆಟ್ಟ ಮರೆಯಲ್ಲ. ಮುಖ್ಯಸ್ಥೆ ಮಾತ್ರ ನಗಲಿಲ್ಲ. ಹುಡುಗರು ಉತ್ತರಪತ್ರಿಕೆಯಲ್ಲಿ ಹಾಸು ಎಂದು ಬರೆದರೆ ಹೊರಗಿನ ಮೌಲ್ಯಮಾಪಕರು ಸೊನ್ನೆ ಕೊಡುತ್ತಾರೆ ಎಂದರು. ಆಮೇಲೆ, ಚಿಪ್ಪುಗಳ ಮೇಲೆ ಇಷ್ಟು ಕೆಲಸ ಮಾಡಿದವರು ಅದನ್ನೇ ಬಿಟ್ಟದ್ದು ಯಾಕೆ ಎಂದು ಕೇಳಿದರು. ಅಕ್ಕನಿಗೆ ಕೊಟ್ಟ ಉತ್ತರವನ್ನೇ ಅವರಿಗೂ ಕೊಟ್ಟ. ಅದು ಅಲ್ಲಿಯೂ ನಿಲ್ಲಲಿಲ್ಲ. ಯೋಚನೆ ಮಾಡಿ, ಸಭೆಗೆ ಇನ್ನೂ ಸಮಯ ಇದೆ ಎಂದು ಅವರು ಹಾಳೆಗಳನ್ನು ತಮ್ಮ ಬಳಿಯೇ ಇಟ್ಟುಕೊಂಡರು.

ಎರಡು ದಿನ ಕಳೆದು ಅವರು ಅವನನ್ನು ಒಬ್ಬನನ್ನೇ ಕರೆಸಿದರು. ಬಾಗಿಲು ಮುಂದೆ ಮಾಡಿ ಬನ್ನಿ ಎಂದರು. ದನಿ ಯಾವತ್ತಿನದಾಗಿರಲಿಲ್ಲ, ಜ್ವರ ಬಂದ ಮಗುವಿನ ಹತ್ತಿರ ಮಾತಾಡುವಂತೆ ಮೃದುವಾಗಿತ್ತು. ಹಾಳೆಗಳಲ್ಲಿ ಗಾಳಿ ಮತ್ತು ಮರಳಿನ ಎರಡು ವಾರಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತಮ್ಮದೇ ಅಕ್ಷರದಲ್ಲಿ ‘ಪಳೆಯುಳಿಕೆಗಳು: ಮುಖ್ಯಸ್ಥರು’ ಎಂದು ಬರೆದಿದ್ದರು.

“ಈ ಎರಡು ವಾರ ನಾನು ತಗೋತೀನಿ,” ಎಂದರು. “ಉಳಿದದ್ದೆಲ್ಲ ನಿಮ್ಮದೇ. ಓದುವಾಗಲೂ ಅಷ್ಟೇ, ನಾನು ಪಕ್ಕದಲ್ಲೇ ಕೂತಿರ್ತೀನಿ. ಬಾಗಿಲು ಸಿಕ್ಹಾಕ್ಕೊಂಡ್ರೆ ನಾನಿದೀನಿ, ಚಿಂತೆ ಮಾಡ್ಬೇಡಿ.”

ಬಾಗಿಲು ಸಿಕ್ಕಿಹಾಕಿಕೊಳ್ಳುವುದು. ಆ ಮಾತು ಈ ಲೋಕದಲ್ಲಿ ಒಂದೇ ಬಾಯಿಂದ ಹುಟ್ಟಿದ್ದು. ಅಕ್ಕ ಇಲ್ಲಿಗೆ ಬಂದಿದ್ದಾಳೆ. ಈ ಕುರ್ಚಿಯ ಮೇಲೆ ಕೂತು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಅವನ ಪರವಾಗಿ ಎಲ್ಲವನ್ನೂ ಹೇಳಿ ಹೋಗಿದ್ದಾಳೆ. ನಾನು ಬಂದಿದ್ದೆ ಅಂತ ಅವನಿಗೆ ಹೇಳಬೇಡಿ ಎಂದೂ ಕೇಳಿಕೊಂಡಿರಬೇಕು. ಮುಖ್ಯಸ್ಥೆ ಆ ಮಾತು ಉಳಿಸಿಕೊಂಡಿದ್ದರು. ಬಾಗಿಲಿನ ಮಾತೊಂದು ಬಾಯಿತಪ್ಪಿ ಬಂದಿತ್ತು, ಅದು ಅವರಿಗೇ ತಿಳಿದಿರಲಿಲ್ಲ.

ಅವನು ಹಾಳೆ ತೆಗೆದುಕೊಂಡು, ಆಗಲಿ ಮೇಡಂ ಎಂದು ಹೊರಗೆ ಬಂದ.

ಕಾಲೇಜಿನ ಗೇಟು ದಾಟುವವರೆಗೆ ಅವನಿಗೆ ಸಿಟ್ಟು ಬಂದಿದೆಯೆಂದೇ ತಿಳಿಯಲಿಲ್ಲ. ಆಮೇಲೆ ಅದು ಮೈಯೆಲ್ಲ ಹಬ್ಬಿತು. ಇಪ್ಪತ್ತೆಂಟು ತುಂಬಿದವನ ನೌಕರಿಯ ಜಾಗಕ್ಕೆ ಹೋಗಿ ಅಕ್ಕ ಸ್ಲೇಟು ಬಳಪ ಕೊಡಿಸಿ ಬಂದಹಾಗಾಯಿತು. ಇವತ್ತು ಕೇಳಿಯೇಬಿಡುತ್ತೇನೆ ಎಂದುಕೊಂಡು ಅವನು ಮನೆಯ ದಾರಿ ಬಿಟ್ಟು ಹಲ್ಲಿನ ಆಸ್ಪತ್ರೆಯ ಬೀದಿಗೆ ತಿರುಗಿದ. ನಡೆಯುತ್ತಾ ಕೇಳಬೇಕಾದ ಮಾತನ್ನು ಜೋಡಿಸಿದ. ರೂಢಿಯಿಂದ ಅದರಲ್ಲೂ ಪ ಬಾರದ ಹಾಗೆ ಜೋಡಿಸಿದ್ದನ್ನು ಕಂಡು ಸಿಟ್ಟು ಇನ್ನಷ್ಟು ಏರಿತು.

ಆಸ್ಪತ್ರೆಯ ಗಾಜಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೇಜಿನ ಹಿಂದೆ ಅಕ್ಕ ಎದ್ದು ನಿಂತಿದ್ದಳು. ಎದುರಿಗೆ ಒಬ್ಬರು ಮುದುಕರು. ಆಗಷ್ಟೇ ಹಲ್ಲು ಕೀಳಿಸಿಕೊಂಡಿದ್ದರೆಂದು ಕಾಣುತ್ತದೆ, ಬಾಯಲ್ಲಿ ಹತ್ತಿ, ಕೆನ್ನೆ ಒಂದು ಕಡೆ ಮರಗಟ್ಟಿ ಜೋತಿತ್ತು. ಏನೋ ಹೇಳಲು ಒದ್ದಾಡುತ್ತಿದ್ದರು.

“ಊಟ ಯಾವಾಗ ಮಾಡ್ಬಹುದು ಅಂತಾನಾ ಯಜಮಾನ್ರೇ?” ಎಂದಳು ಅಕ್ಕ. ಅವರು ಅಲ್ಲವೆಂದು ಕೈಯಾಡಿಸಿದರು. ಮತ್ತೆ ಬರುವುದು ಯಾವತ್ತು ಅಂತಾನಾ? ಅದೂ ಅಲ್ಲ. ಅವಳ ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ. ಅವರ ಸಂಕಟ ತನ್ನದೇ ಎಂಬಂತೆ ಹಣೆ ಗಂಟಿಕ್ಕಿ, ತುಟಿ ತಾನೇ ಅಲುಗಿಸುತ್ತಿದ್ದಳು. “ಹಾಂ, ನೋವಿನ ಮಾತ್ರೆ. ಮಾತ್ರೆ ಎಷ್ಟು ಹೊತ್ತಿಗೆ ಅಂತ ತಾನೆ?”

ಮುದುಕರು ಸೋತು ತಲೆಯಾಡಿಸಿದರು. ಹೌದು ಎಂದು.

ಆ ತಲೆಯಾಡಿಸುವಿಕೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೊರಗೆ ನಿಂತಲ್ಲೇ ಅವನ ಕತ್ತೂ ಅಲುಗಿದಂತಾಯಿತು. ಎಷ್ಟು ವರ್ಷ ಅವನೂ ಹೀಗೇ ಆಡಿಸಿದ್ದ. ಪೆನ್ನು ಎಂದವಳು ಅಕ್ಕ ನಿಜ. ಹೌದು ಎಂದವನು ತಾನೇ ಅಲ್ಲವೇ.

ಮುದುಕರು ಮಾತ್ರೆಯ ಚೀಟಿ ಹಿಡಿದು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. ಅವನನ್ನು ನೋಡಿ ಏನೋ ಹೇಳಲು ಹೋದರು. ಅವನು ಊಹಿಸಲಿಲ್ಲ, ಸುಮ್ಮನೆ ಅವರ ಮುಖ ನೋಡುತ್ತಾ ನಿಂತ. ಮೋಟಾರುಗಳು ಹೋದವು. ಅವರು ಹತ್ತಿಯನ್ನು ನಾಲಗೆಯಿಂದ ಒಂದು ಕಡೆ ಸರಿಸಿ, ಮತ್ತೊಮ್ಮೆ ಶುರುಮಾಡಿ, ಕೊನೆಗೆ “ಕೊ... ಕೊಡೆ,” ಎಂದರು. ಬೆಳಗ್ಗೆ ಮೋಡವಾಗಿತ್ತು. ತಂದ ಕೊಡೆ ಒಳಗೇ ಉಳಿದಿತ್ತು.

ಅವನು ಒಳಗೆ ಹೋದ. ತಮ್ಮನನ್ನು ಅಲ್ಲಿ ಕಂಡೊಡನೆ ಅಕ್ಕನ ಮುಖದ ಬಣ್ಣ ಇಳಿಯಿತು. ಅವನು ಅಲ್ಲಿಗೆ ಎಂದೂ ಬಂದವನಲ್ಲ.

“ಏನೋ? ಕಾಲೇಜಲ್ಲಿ ಏನಾದ್ರೂ ಆಯ್ತಾ?”

ಅವಳು ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. ಜೋಡಿಸಿಕೊಂಡು ಬಂದಿದ್ದ ಮಾತು ಅವನ ಬಾಯಲ್ಲೇ ಇತ್ತು, ಅದರಲ್ಲಿ ಸಿಕ್ಕಿಕೊಳ್ಳುವಂಥದ್ದೇನೂ ಇರಲಿಲ್ಲ.

“ಆ ಯಜಮಾನ್ರಿಗೆ ಅವರ ಕೊಡೆ ಬೇಕಂತೆ,” ಎಂದ.

“ಅಯ್ಯೋ ಕೊಡೇನಾ. ನಾನು ಮಾತ್ರೆ ಅಂದ್ಕೊಂಡೆ ಕಣೋ. ಅವರೂ ಹೌದು ಅಂದ್ರು.”

“ಹೌದು ಅಂತಾರೆ ಅಕ್ಕ,” ಎಂದು ಅವನು ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು ಹೊರಗೆ ಬಂದ.

ಸಭೆಯ ದಿನ ಉದ್ದ ಮೇಜಿನ ಸುತ್ತ ವಿಭಾಗದವರೆಲ್ಲ ಕೂತಿದ್ದರು. ಮುಖ್ಯಸ್ಥೆ ಅವನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡಿದ್ದರು. ಅವನು ಓದಲು ಎದ್ದು ನಿಂತ. ಖನಿಜಗಳು, ಅವುಗಳ ಬಣ್ಣ, ಗಡಸುತನ, ಬೆಂಕಿಯಿಂದ ಹುಟ್ಟಿದ ಕಲ್ಲು, ನೀರು ತಂದು ಹಾಕಿದ ಕಲ್ಲು, ಎಲ್ಲ ಒಂದೊಂದಾಗಿ ದಾಟಿದವು. ಹಾಸುಗಳು ಬಂದಾಗ ದೊಡ್ಡ ಮೇಷ್ಟ್ರು, “ಆಹಾ ಕವಿಗಳೇ,” ಎಂದರು. ಹಾಳೆ ತಿರುಗಿಸಿದ. ಮುಖ್ಯಸ್ಥೆಯ ಅಕ್ಷರದ ಸಾಲು ಬಂತು.

ಅಲ್ಲಿ ತಲೆಯೆತ್ತಿ ಅವರ ಕಡೆ ನೋಡಿದರೆ ಸಾಕಿತ್ತು. ಅವರು ಓದಿಬಿಡುತ್ತಿದ್ದರು, ಅವನು ಮುಂದಿನ ವಾರಕ್ಕೆ ಹೋಗುತ್ತಿದ್ದ, ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಕೋರ್ಸು ಅವನದಾಗುತ್ತಿತ್ತು, ಚಿಪ್ಪುಗಳನ್ನು ಬಿಟ್ಟು. ಅವನು ಜೇಬಿಗೆ ಕೈ ಹಾಕಿದ. ಚಿಪ್ಪು ತಣ್ಣಗಿತ್ತು.

“ಪ...”

ತುಟಿಗಳು ಮುಚ್ಚಿಕೊಂಡವು. ಕೋಣೆಯಲ್ಲಿ ಫ್ಯಾನಿನ ಸದ್ದು ಇದ್ದಕ್ಕಿದ್ದಂತೆ ದೊಡ್ಡದಾಯಿತು. ಯಾರೋ ಕುರ್ಚಿ ಜರುಗಿಸಿ ಅರ್ಧದಲ್ಲೇ ನಿಲ್ಲಿಸಿದರು. ದೊಡ್ಡ ಮೇಷ್ಟ್ರ ಮುಖದ ನಗು ಏನು ಮಾಡಬೇಕೆಂದು ತಿಳಿಯದೆ ಹಾಗೇ ಉಳಿದಿತ್ತು. ಪಕ್ಕದಲ್ಲಿ ಮುಖ್ಯಸ್ಥೆ ಉಸಿರೆಳೆದುಕೊಂಡದ್ದು ಕೇಳಿಸಿತು, ಈಗ ಅವರು ಹೇಳಿಬಿಡುತ್ತಾರೆ. ಅವನು ಅವರತ್ತ ತಿರುಗದೆ, ಹಾಳೆ ಹಿಡಿದ ಕೈಯ ಒಂದು ಬೆರಳನ್ನಷ್ಟೇ ಎತ್ತಿದ. ತಡೆಯಿರಿ ಎಂದು. ಅವರು ತಡೆದರು.

ಅವನು ತಲೆಯನ್ನೂ ಆಡಿಸಲಿಲ್ಲ, ಬೇರೆ ಮಾತನ್ನೂ ಹುಡುಕಲಿಲ್ಲ. ಅಲ್ಲೇ ನಿಂತ.

“ಪ... ಪಳೆಯುಳಿಕೆಗಳು,” ಎಂದ. ಮುಂದಿನದು ಸಲೀಸಾಗಿತ್ತು. “ಇಲ್ಲಿ ಮುಖ್ಯಸ್ಥರು ಅಂತ ಇದೆ. ಅದನ್ನ ತೆಗೀಬೇಕು. ಈ ಎರಡು ವಾರನೂ ನಾನೇ ತಗೋತೀನಿ.”

ದೊಡ್ಡ ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಅವರು ತಮ್ಮ ಪ್ರತಿಯ ಮೊದಲ ಹಾಳೆಗೆ ಹೋಗಿ ಕಲಿಕೆಯ ದಾರಿ ಎಂಬಲ್ಲಿ ಒಂದು ಗಳಿಗೆ ನೋಡಿದರು, ಕವಿತೆಯೆಂದುಕೊಂಡದ್ದು ಏನೆಂದು ಆಗ ಅವರಿಗೂ ತಿಳಿದಿರಬೇಕು. “ಇಷ್ಟು ಕಾಯ್ಸಿ ಹೇಳಿದ್ರೆ ಹುಡುಗ್ರು ಜನ್ಮದಲ್ಲಿ ಮರೆಯಲ್ಲ ಬಿಡಿ,” ಎಂದರು. “ನಾನು ಮೂವತ್ತು ವರ್ಷ ಗಡಗಡ ಅಂತ ಹೇಳ್ದೆ. ಒಬ್ಬನಿಗೂ ನೆನಪಿಲ್ಲ.” ಆ ಮೇಲೆ ಅವರು ಅವನನ್ನು ಕವಿಗಳೇ ಎನ್ನಲಿಲ್ಲ.

ಪಠ್ಯಕ್ರಮ ಒಪ್ಪಿಗೆಯಾಯಿತು, ಆದರೆ ತಿದ್ದುಪಡಿಗಳೊಡನೆ. ಹಾಸು ಹೋಗಿ ಪದರ ಬಂತು, ಪರೀಕ್ಷೆ ಪರೀಕ್ಷೆಯೇ ಆಯಿತು, ಪ್ರಯೋಗಾಲಯ ಮರಳಿತು. ಪ್ರತಿ ತಿದ್ದುಪಡಿಯೂ ಅವನ ಎದೆಯ ಮೇಲೆ ಒಂದೊಂದು ಕಲ್ಲಿನಂತೆ ಕೂತಿತು. ಇವನ್ನೆಲ್ಲ ಇನ್ನು ವರ್ಷಪೂರ್ತಿ ಹೇಳಬೇಕು, ಕೆಲವು ದಿನ ಒಂದೂ ಬರುವುದಿಲ್ಲ, ಬೆಂಚುಗಳಲ್ಲಿ ಯಾರಾದರೂ ನಕ್ಕೇ ನಗುತ್ತಾರೆ. ಅದು ಅವನಿಗೆ ಗೊತ್ತಿತ್ತು. ಸಭೆ ಮುಗಿದ ಮೇಲೆ ಮುಖ್ಯಸ್ಥೆ ಅವನ ಹತ್ತಿರ ಬಂದು, ಹಾಳೆಯಲ್ಲಿ ತಾವು ಬರೆದಿದ್ದ ‘ಮುಖ್ಯಸ್ಥರು’ ಎಂಬುದನ್ನು ಹೊಡೆದುಹಾಕಿ ಹೋದರು.

ಮನೆಯಲ್ಲಿ ಅಕ್ಕ ಬಾಗಿಲ ಹತ್ತಿರವೇ ಇದ್ದಳು. ಬೂಟು ಬಿಚ್ಚುವಷ್ಟೂ ವ್ಯವಧಾನ ಕೊಡಲಿಲ್ಲ.

“ಏನಾಯ್ತೋ?”

“ಆಯ್ತು. ಒಪ್ಕೊಂಡ್ರು.”

“ಚಿಪ್ಪು?”

“ಅದೂ ಸೇರ್ತು. ನಾನೇ ಮಾಡ್ಬೇಕು.”

ಅಕ್ಕ ಆ ಕಡೆ ತಿರುಗಿ ಲೋಟಗಳನ್ನು ಸದ್ದಾಗುವಂತೆ ಜೋಡಿಸತೊಡಗಿದಳು. ತುಸು ಹೊತ್ತಾದ ಮೇಲೆ, ಏನೂ ಅರಿಯದವಳಂತೆ, ಬೆನ್ನು ಮಾಡಿಯೇ ಕೇಳಿದಳು. “ನಿಮ್ಮ ಮೇಡಂ ಹೇಗೋ? ಒಳ್ಳೆಯವರಾ?”

“ಒಳ್ಳೆಯವರು. ನೀನೊಂದ್ಸಲ ಬಂದು ನೋಡ್ಬೇಕು.”

“ನೋಡೋಣ,” ಎಂದಳು ಅಕ್ಕ. “ನನಗೆಲ್ಲಿ ಅಷ್ಟು ದೂರ ಬರೋಕೆ ಆಗುತ್ತೆ.”

ಒಳಗಿನಿಂದ ಭಾವ, ಮೇಷ್ಟ್ರಿಗೆ ಹಾಸಿಗೆ ಹಾಸಿದೆ, ಹೊದಿಕೆ ಸಿಲಬಸ್ಸಿನಲ್ಲಿಲ್ಲ ಎಂದು ಕೂಗಿದರು. ಅಕ್ಕ ನಕ್ಕಳು, ಅವನೂ ನಕ್ಕ. ಊಟಕ್ಕೆ ಕೂತಾಗ ಅವನಿಗೆ ಪಲ್ಯ ಬೇಕಿತ್ತು. ಪ ಎಂದು ಕೈಚಾಚಿ ಹಾಗೇ ಕೂತ. ಅಕ್ಕನ ಕೈ ತಾನಾಗಿ ಪಚಡಿಯ ಬಟ್ಟಲಿನತ್ತ ಹೋಗಿ, ಅಲ್ಲೇ ನಿಂತಿತು. ಅವಳು ಅವನ ಮುಖ ನೋಡುತ್ತಾ ಕಾದಳು.

ಅವಳು ಕಾಲೇಜಿಗೆ ಬಂದು ಹೋದದ್ದು ತನಗೆ ಗೊತ್ತು ಎಂದು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.